ಊರನ್ನು ಬೈಯುವ ಹಕ್ಕು ಯಾರಿಗೆ?

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದಲ್ಲಿ ಹುಟ್ಟಿ ಬೆಳೆದವನು, ಈಗ ಪುಣೆಯಲ್ಲಿ ಉದ್ಯೋಗದಲ್ಲಿದ್ದೇನೆ. ರಜೆಗೆ ಊರಿಗೆ ಹೋದಾಗಲೆಲ್ಲ ನನ್ನ ಬಾಯಿಂದ ಬರುವುದು ದೂರುಗಳೇ. ಓದಿದವರಿಗೆ ತಕ್ಕ ಕೆಲಸವಿಲ್ಲ, ತುರ್ತು ಚಿಕಿತ್ಸೆಗೆ ಗೋವಾಕ್ಕೋ ಮಣಿಪಾಲಕ್ಕೋ ಓಡಬೇಕು, ಮಳೆಗಾಲದಲ್ಲಿ ಹೆದ್ದಾರಿಯನ್ನು ನಂಬುವಂತಿಲ್ಲ, ರಾತ್ರಿ ಎಂಟಾದರೆ ಪೇಟೆಯಲ್ಲಿ ಜನರಿಲ್ಲ. ಆದರೆ ಪ್ರವಾಸ ಮುಗಿಸಿ ಬಂದ ಸಹೋದ್ಯೋಗಿಯೊಬ್ಬರು ಇವೇ ಮಾತುಗಳನ್ನು ನಗುತ್ತ ಆಡಿದಾಗ ನಾನು ಅವರೊಡನೆ ಜಗಳಕ್ಕೇ ನಿಂತೆ. ಅಲ್ಲಿ ಬೈದು ಇಲ್ಲಿ ಸಮರ್ಥಿಸುವುದು ಆಷಾಢಭೂತಿತನವಲ್ಲವೆ?

ಉತ್ತರ: ಅಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಿಮಗೆ ಹೆಗ್ಗಣ ಹೆಗ್ಗಣವಾಗಿಯೇ ಕಾಣುತ್ತಿದೆ, ಬೇರೆಯವರು ಹಾಗೆಂದು ಕರೆದಾಗ ಮಾತ್ರ ಮೈ ಉರಿಯುತ್ತದೆ. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ನನ್ನ ತಕರಾರು ಇರುವುದು ನಿಮ್ಮ ದೂರುಗಳ ಪಟ್ಟಿಯ ಬಗ್ಗೆ. ಊರು ತಾನಾಗಿ ಮಾಡಿಕೊಂಡದ್ದನ್ನೂ ಊರಿಗೆ ಇತರರು ಮಾಡಿದ್ದನ್ನೂ ನೀವು ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದೀರಿ.

ಆಸ್ಪತ್ರೆಯ ವಿಷಯವನ್ನೇ ನೋಡಿ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾಗಳಲ್ಲಿ ಅಣೆಕಟ್ಟು ಕಟ್ಟಲು ಬಿಟ್ಟುಕೊಟ್ಟ ಜಿಲ್ಲೆ ಇದು. ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಅಣುವಿದ್ಯುತ್ ಘಟಕಗಳಿವೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಕಡಲಂಚಿನ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ನಿಲ್ಲಿಸುವ ದಂಡೆಗಳನ್ನು ಬಿಟ್ಟೆದ್ದವು. 2005ರಲ್ಲಿ ನೆಲೆ ಕಾರ್ಯಾರಂಭ ಮಾಡಿದ ಮೇಲೂ ಪರಿಹಾರದ ಮೊಕದ್ದಮೆಗಳು ಮುಗಿದಿರಲಿಲ್ಲ. ದೇಶಕ್ಕೆ ಇಷ್ಟನ್ನೆಲ್ಲ ಕೊಟ್ಟ ಜನರು, ಹೃದಯಾಘಾತವಾದವನನ್ನು ಉಳಿಸಬಲ್ಲ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2019ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಅಭಿಯಾನ ನಡೆಸಬೇಕಾಯಿತು. ಇದನ್ನು ಊರಿನ ದಡ್ಡತನವೆಂದು ಕರೆದರೆ, ಬಾಕಿ ಉಳಿಸಿಕೊಂಡವನನ್ನು ಬಿಟ್ಟು ಬಾಕಿ ಬರಬೇಕಾದವನನ್ನು ಬೈದಂತಾಗುತ್ತದೆ.

ಹೆದ್ದಾರಿಯದೂ ಹೆಚ್ಚುಕಡಿಮೆ ಇದೇ ಕಥೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಸ್ತೆಯನ್ನೂ ಜನರನ್ನೂ ಗಂಗಾವಳಿ ನದಿಗೆ ತಳ್ಳಿತು; ರಸ್ತೆ ಅಗಲಿಸಲು ಗುಡ್ಡವನ್ನು ನೆಟ್ಟಗೆ ಕಡಿದುದರ ಬಗ್ಗೆ ಆಕ್ಷೇಪ ಎದ್ದದ್ದು ನಿಮಗೆ ನೆನಪಿರಬಹುದು. ತಿಂಗಳು ತುಂಬುವ ಮೊದಲೇ, ಆಗಸ್ಟ್ 7ರ ನಡುರಾತ್ರಿ, ನಿಮ್ಮ ಕೋಡಿಬಾಗವನ್ನು ಸದಾಶಿವಗಡಕ್ಕೆ ಸೇರಿಸುತ್ತಿದ್ದ ಹಳೆಯ ಕಾಳಿ ಸೇತುವೆ ಲಾರಿಯೊಂದರ ಸಮೇತ ನದಿಗೆ ಬಿತ್ತು. ಇವು ಕಾರವಾರದವರ ಸ್ವಭಾವದೋಷಗಳಲ್ಲ.

ಇನ್ನು ಎಂಟು ಗಂಟೆಗೆ ಮುಚ್ಚುವ ಪೇಟೆ. ಅದು ಕೊರತೆಯೇ ಎಂಬುದರಲ್ಲಿ ನನಗೆ ಅನುಮಾನವಿದೆ. ಆದರೆ "ಎಷ್ಟು ಪ್ರಶಾಂತವಾದ ಊರು" ಎಂದು ಹೊಗಳುವ ಪ್ರವಾಸಿಗರಿಗೆ, ಆ ಪ್ರಶಾಂತತೆಯ ಒಂದು ಪಾಲು ನಿಮ್ಮಂಥವರು ಪುಣೆಯಲ್ಲಿ, ನಿಮ್ಮ ಗೆಳೆಯರು ಗೋವಾದಲ್ಲಿ ದುಡಿಯುತ್ತಿರುವುದರಿಂದ ಬಂದದ್ದೆಂದು ಹೇಳುವವರಿಲ್ಲ. ನಿಮ್ಮ ಸಹೋದ್ಯೋಗಿಯ ನಗುವಿಗಿಂತ ಈ ಹೊಗಳಿಕೆಯೇ ಊರಿಗೆ ಹೆಚ್ಚು ಹಾನಿ ಮಾಡಿದೆ ಎಂಬುದು ನನ್ನ ಅಭಿಪ್ರಾಯ. ಸುಂದರವಾದ ಊರಿಗೆ ಮತ್ತೇನು ಬೇಕು ಎಂದು ಸುಮ್ಮನಿರಲು ಅದು ಎಲ್ಲರಿಗೂ ನೆಪವಾಗುತ್ತದೆ.

ಹಾಗೆಂದು, ಬಂದದ್ದೆಲ್ಲ ಕೊರತೆ ನೀಗಿಸುತ್ತದೆಂದೂ ತಿಳಿಯಬೇಡಿ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ಕಾಮಗಾರಿ ಆರಂಭವಾದಾಗ ಮೀನುಗಾರರು ಬೀದಿಗಿಳಿದು ವಿರೋಧಿಸಿದರು. ಸೀಬರ್ಡ್‌ಗೆ ದಂಡೆಗಳನ್ನು ಕಳೆದುಕೊಂಡವರಿಗೆ ಉಳಿದಿದ್ದ ಟಾಗೋರ್ ಕಡಲತೀರವೂ ಹೋಗುವ ಭಯವಿತ್ತು. ಹೊರಗಿನವರ ಕಣ್ಣಿಗೆ ಅದು ಅಭಿವೃದ್ಧಿಯ ವಿರೋಧ. ಕೆಲಸವಿಲ್ಲವೆಂದು ಗೊಣಗುವ ಊರೇ ಕೆಲಸ ತರುತ್ತೇವೆಂದವರಿಗೆ ಬೇಡವೆಂದದ್ದೇಕೆ ಎಂದು, ಮುಂದಿನ ಬಾರಿ ಊರಿಗೆ ಹೋದಾಗ, ಬೈಯುವ ಮೊದಲು ಅವರನ್ನೇ ಕೇಳಿ ನೋಡಿ.

ಸಹೋದ್ಯೋಗಿಗೆ ಸೂರ್ಯಾಸ್ತದ ಚಿತ್ರ ತೋರಿಸಿ ಬಾಯಿ ಮುಚ್ಚಿಸಬೇಡಿ. ಆಸ್ಪತ್ರೆಯ ವಿಷಯದಲ್ಲಿ ಅವರ ಮಾತು ನಿಜವೆಂದು ಒಪ್ಪಿಕೊಂಡು, ಕೈಗಾದ ಕಥೆಯನ್ನೂ ಹೇಳಿ. ಊರಿನಲ್ಲಿ ಮಾತ್ರ ನಿಮ್ಮ ದೂರುಗಳನ್ನು ಊಟಕ್ಕೆ ಬಡಿಸುವ ಅಮ್ಮನ ಮುಂದೆ ಹರಡದೆ, ಲಿಖಿತವಾಗಿ ನಗರಸಭೆಗೂ ಶಾಸಕರಿಗೂ ತಲುಪಿಸಿ. ಕೋಡಿಬಾಗದ ಚರಂಡಿಗೆ ಕಸ ಸುರಿಯುವವರು ಮಾತ್ರ ದೆಹಲಿಯವರಲ್ಲ, ಅಕ್ಕಪಕ್ಕದ ಮನೆಯವರೇ. ಅವರನ್ನು ನೇರವಾಗಿಯೇ ಬೈಯಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗ ಶಿರಸಿಯ ನಮ್ಮ ಹಳ್ಳಿಯನ್ನು ಸ್ವರ್ಗವೆನ್ನುತ್ತಾನೆ. ಬಸ್ಸಿಲ್ಲ, ನೆಟ್‌ವರ್ಕ್ ಇಲ್ಲ ಎಂದು ನಾನು ಹೇಳಿದರೆ, ಅಮ್ಮನಿಗೆ ಊರಿನ ಮೇಲೆ ಪ್ರೀತಿಯಿಲ್ಲ ಎನ್ನುತ್ತಾನೆ. ಏನು ಹೇಳಲಿ?

ಉತ್ತರ: ಏನೂ ಹೇಳಬೇಡಿ; ಆಷಾಢದಲ್ಲಿ ಹದಿನೈದು ದಿನ ಬಂದಿರಲು ಕರೆಯಿರಿ. ಮರ ಬಿದ್ದು ವಿದ್ಯುತ್ ತಂತಿ ಹರಿದಿರುವಾಗ, ಅಡಿಕೆಗೆ ಕೊಳೆರೋಗ ಹತ್ತುವ ಮುನ್ನ ಬೋರ್ಡೋ ದ್ರಾವಣ ಹೊಡೆಸಲು ಮರ ಏರುವ ಕೊನೆಗೌಡನನ್ನು ಹುಡುಕುವ ಕೆಲಸವನ್ನು ಅವನಿಗೇ ವಹಿಸಿ. ಬೇಸಿಗೆಯ ಆಲೆಮನೆಯ ಫೋಟೋಗಳನ್ನು ಆಮೇಲೆ ನೋಡಿದರಾಯಿತು.