ಐರನ್ ಸೈಟ್‌ಗೆ ಹೊಂದಿಸಿದರೆ ಹೋಲೋಗ್ರಾಫಿಕ್ ಸೈಟ್ ಝೀರೋ ಆದಂತೆಯೇ?

ಬೆಂಗಳೂರಿನ ಕ್ಲಬ್ ರೇಂಜಿನಲ್ಲಿ .22 ರೈಫಲ್ ಹಿಡಿಯುವವರು ಹೀಗೆ ಕೇಳಿದ್ದೀರಿ. ಅರ್ಧ ಮಾತ್ರ ಆದಂತೆ. ಐರನ್ ಸೈಟ್ ಎಂದರೆ ರೈಫಲ್ ಮೇಲಿನ ಲೋಹದ ಗುರಿಗುರುತು; ಹೋಲೋಗ್ರಾಫಿಕ್ ಸೈಟ್ ಎಂದರೆ ಗಾಜಿನ ಕಿಟಕಿಯಲ್ಲಿ ಬೆಳಕಿನ ಚುಕ್ಕೆ ತೋರುವ ಸಾಧನ; ಝೀರೋ ಎಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸೈಟ್ ಹೊಂದಿಸುವುದು.

ಮೊದಲು ಐರನ್ ಸೈಟೇ ಸರಿಯಾಗಿ ಝೀರೋ ಆಗಿರಬೇಕು. ಅದೇ ತಪ್ಪಿದ್ದರೆ ಕುರುಡನಿಗೆ ಕುರುಡ ದಾರಿ ತೋರಿದ ಹಾಗೆ. ಹೋಲೋಗ್ರಾಫಿಕ್ ಸೈಟನ್ನು ರೈಫಲಿಗೆ ಕೂರಿಸುವ ಮೌಂಟ್ ಬಿಗಿಮಾಡಿ, ರೈಫಲನ್ನು ಮರಳಿನ ಚೀಲದ ಮೇಲಿಟ್ಟು ಐರನ್ ಸೈಟಿನಿಂದ ಗುರಿ ಕೂಡಿಸಿ. ಆಮೇಲೆ ಹೊಂದಿಸುವ ಸ್ಕ್ರೂ ತಿರುಗಿಸಿ, ಚುಕ್ಕೆಯನ್ನು ಐರನ್ ಸೈಟಿನ ಮುಂದಿನ ಪೋಸ್ಟಿನ (ಕಡ್ಡಿಯ) ತುದಿಗೆ ತನ್ನಿ. ಬಹಳ ಜನ ಎಡವುವುದು ಇಲ್ಲೇ: ಸ್ಕ್ರೂ ಮೇಲಿನ ‘ಅಪ್’ ಗುಂಡು ಬೀಳುವ ಜಾಗದ್ದು, ಚುಕ್ಕೆಯದಲ್ಲ. ಅಪ್ ತಿರುಗಿಸಿದರೆ ಕಿಟಕಿಯಲ್ಲಿ ಚುಕ್ಕೆ ಕೆಳಗಿಳಿಯುತ್ತದೆ.

ಇದು ಕಾಗದದ ಮೇಲೆ ಗುಂಡು ಬೀಳುವಷ್ಟಕ್ಕೆ ಸಾಕು. ನಿಜವಾದ ಝೀರೋಗೆ ಹೊಡೆದೇ ನೋಡಬೇಕು. ನೀವು ಬಳಸುವ ಗುಂಡಿನಲ್ಲೇ 50 ಮೀಟರಿನಲ್ಲಿ ಐದು ಹೊಡೆದು, ಗುಂಪಿನ ನಡುವನ್ನು ಅಳೆಯಿರಿ. ಒಂದೇ ಗುಂಡು ನಂಬಿ ಸ್ಕ್ರೂ ತಿರುವಬೇಡಿ. ಎಂಓಎ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ; ಆ ದೂರದಲ್ಲಿ 1 ಎಂಓಎ ಅಂದರೆ ಸುಮಾರು 14.5 ಮಿಮೀ. ಸ್ಕ್ರೂವಿನ ಒಂದು ಕ್ಲಿಕ್ಕಿಗೆ ಅರ್ಧ ಎಂಓಎ ಇದ್ದರೆ, 36 ಮಿಮೀ ಎಡಕ್ಕೆ ಬಿದ್ದ ಗುಂಪಿಗೆ ಬಲಕ್ಕೆ ಐದು ಕ್ಲಿಕ್.

ಕೊನೆಗೆ ಚುಕ್ಕೆ ಐರನ್ ಸೈಟಿಗೆ ಕೂದಲೆಳೆಯಷ್ಟು ಹೊಂದದಿದ್ದರೆ ಬಿಡಿ, ಮತ್ತೆ ಕೆದಕಬೇಡಿ.