ಅಕ್ಕನ ಮಗುವಿಗೆ ಥಲಸ್ಸೇಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ರಕ್ತದ ಕಾಯಿಲೆ). ಮದುವೆಗೆ ಮುಂಚೆ ನಾನೂ ಜೀನ್ ಟೆಸ್ಟ್ ಮಾಡಿಸಬೇಕಾ?

ಮಾಡಿಸಿ, ಆದರೆ ಮೊದಲೇ ಡಿಎನ್‌ಎ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ರಕ್ತಕಣಗಳ ಎಣಿಕೆ (ಸಿಬಿಸಿ), ಹಿಮೋಗ್ಲೋಬಿನ್ ಬಗೆಗಳನ್ನು ಅಳೆಯುವ ಎಚ್‌ಪಿಎಲ್‌ಸಿ ಸಾಕು. ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 80ಕ್ಕಿಂತ ಕಡಿಮೆಯಿದ್ದು, ಹಿಮೋಗ್ಲೋಬಿನ್‌ನ ಒಂದು ಬಗೆಯಾದ ಎ2 ಶೇ. 4 ದಾಟಿದ್ದರೆ ನೀವು ಬಹುತೇಕ ಬೀಟಾ ಥಲಸ್ಸೇಮಿಯಾ ವಾಹಕರೇ, ಅಂದರೆ ಕಾಯಿಲೆಯಿಲ್ಲದಿದ್ದರೂ ದೋಷದ ಜೀನ್ ಹೊತ್ತವರು. ಮೈಯಲ್ಲಿ ಕಬ್ಬಿಣದಂಶ ತೀರಾ ಕಡಿಮೆಯಿದ್ದರೆ ಮಾತ್ರ ಎ2 ಇಳಿದು ಮೋಸ ಮಾಡಬಹುದು, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ನೂ ನೋಡಿಸಿ.

ಆಮೇಲೆ ಜೀನ್ ಪರೀಕ್ಷೆ. ಭಾರತದಲ್ಲಿ ಐದಾರು ಮ್ಯುಟೇಶನ್‌ಗಳದ್ದೇ (ಜೀನ್‌ನಲ್ಲಿನ ಬದಲಾವಣೆಗಳದ್ದೇ) ಸಿಂಹಪಾಲು, ಅದರಲ್ಲೂ ಐವಿಎಸ್ 1-5 ಎಂಬುದರದ್ದು. ಇವನ್ನು ಗೊತ್ತಿರುವ ಮ್ಯುಟೇಶನ್‌ಗಳನ್ನಷ್ಟೇ ನೋಡುವ ಆರ್ಮ್ಸ್-ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆಯಲ್ಲಿ ಹುಡುಕುತ್ತಾರೆ. ಸಿಗದಿದ್ದರೆ ಬೀಟಾ ಗ್ಲೋಬಿನ್ ತಯಾರಿಸುವ ಎಚ್‌ಬಿಬಿ ಜೀನನ್ನು ಪೂರ್ತಿ ಓದುವ ಸೀಕ್ವೆನ್ಸಿಂಗ್. ಮಗುವಿನ ಮ್ಯುಟೇಶನ್ ರಿಪೋರ್ಟ್ ಇದ್ದರೆ ಜೊತೆಗೆ ಒಯ್ಯಿರಿ, ಲ್ಯಾಬಿನವರಿಗೆ ಎಲ್ಲಿ ಹುಡುಕಬೇಕೆಂದು ಗೊತ್ತಾಗುತ್ತದೆ.

ನೀವು ವಾಹಕರಾದರೆ ಸಂಗಾತಿಗೂ ಎಚ್‌ಪಿಎಲ್‌ಸಿ ಆಗಲೇಬೇಕು. ಇಬ್ಬರೂ ವಾಹಕರಾದಾಗ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25; ಆಗ 11-12ನೇ ವಾರದಲ್ಲಿ ಮಾಸಿನ ಚೂರು ತೆಗೆದು ಪರೀಕ್ಷಿಸುತ್ತಾರೆ.