ಮುಖ ಕಾಣದವರ ಬಡತನಕ್ಕೆ ನಾವು ಹೊಣೆಯೇ?

ಪ್ರಶ್ನೆ: ಮನೆ ಗೆದ್ದು ಮಾರು ಗೆಲ್ಲು ಅಂತಾರೆ. ಯಾವುದೋ ದೇಶದ, ಮುಖವನ್ನೇ ಕಾಣದ ಬಡವರಿಗೆ ಕೊಟ್ಟರೆ ಪುಣ್ಯ, ಸರಿ. ಕೊಡದಿದ್ದರೆ ತಪ್ಪು ಹೇಗಾಗುತ್ತದೆ?

ಉತ್ತರ: ತತ್ವಶಾಸ್ತ್ರಜ್ಞ ಪೀಟರ್ ಸಿಂಗರ್ 1972ರ ಪ್ರಬಂಧದಲ್ಲಿ ಕೆದಕಿದ್ದು ಇದನ್ನೇ. 1971ರ ಪೂರ್ವ ಬಂಗಾಳದ (ಇಂದಿನ ಬಾಂಗ್ಲಾದೇಶ) ನಿರಾಶ್ರಿತರ ಪಾಡು ಅದರ ಹಿನ್ನೆಲೆ. ಅವರ ಉದಾಹರಣೆ ಹೀಗಿದೆ: ಆಳವಿಲ್ಲದ ಕೊಳದಲ್ಲಿ ಮಗು ಮುಳುಗುತ್ತಿದೆ. ಇಳಿದು ಎತ್ತಿದರೆ ಬಟ್ಟೆ ಕೆಸರಾಗುತ್ತದೆ, ಅಷ್ಟೇ. ದಡದಲ್ಲೇ ನಿಂತವನಿಗೆ ಪುಣ್ಯ ತಪ್ಪಿತು ಎಂದು ಯಾರೂ ಹೇಳುವುದಿಲ್ಲ, ಛೀ ಅನ್ನುತ್ತೇವೆ. ಹಾಗಿದ್ದರೆ ಕೊಳ ಸಾವಿರಾರು ಮೈಲಿ ಆಚೆಗಿದ್ದ ಮಾತ್ರಕ್ಕೆ ತಪ್ಪು ಅಳಿಸಿಹೋಗುವುದೇ? ಸುದ್ದಿಯೂ ಸಹಾಯವೂ ತಲುಪದ ಕಾಲದಲ್ಲಿ ದೂರ ಒಂದು ಕಾರಣವಾಗಿತ್ತು. ಈಗ ಎರಡೂ ತಲುಪುತ್ತವೆ.

ಗಟ್ಟಿಯಾದ ಆಕ್ಷೇಪ ಬೇರೆಯದು. ಕೊಳದ ಮಗು ಒಂದೇ. ಜಗತ್ತಿನ ಬಡತನ ಮುಗಿಯುವುದಿಲ್ಲ, ಕೊಡುತ್ತಾ ಹೋದರೆ ನಾವೇ ಬರಿಗೈಯಾಗುತ್ತೇವೆ. ನಮ್ಮ ಅಭಿಪ್ರಾಯದಲ್ಲಿ ಈ ಆಕ್ಷೇಪ ಎಷ್ಟು ಕೊಡಬೇಕು ಎಂಬುದಕ್ಕೆ ಮಿತಿ ಹಾಕುತ್ತದೆಯೇ ಹೊರತು ಹೊಣೆಯನ್ನು ಸೊನ್ನೆ ಮಾಡುವುದಿಲ್ಲ. ಸಿಂಗರ್ ಕೂಡ ಮುಂದೆ ಆದಾಯ ಏರಿದಂತೆ ಏರುವ ಪ್ರಮಾಣವನ್ನು ಸೂಚಿಸಿದರು. ಮನೆಯವರಿಗೆ ಮೊದಲ ಪಾಲು, ಸರಿಯೇ. ಉಳಿದದ್ದೆಲ್ಲ ಅವರದೇ ಎಂದು ನಿಮ್ಮ ಗಾದೆ ಹೇಳುವುದಿಲ್ಲ.

ಪ್ರಶ್ನೆ: ಕೊಟ್ಟ ಹಣ ನಡುವಿನವರ ಪಾಲಾಗುತ್ತದಲ್ಲ? ಎಷ್ಟು, ಯಾವುದಕ್ಕೆ ಕೊಡಬೇಕು?

ಉತ್ತರ: ಹೆಚ್ಚು ಬಡ್ಡಿಯ ಸಾಲ ಇದ್ದರೆ ಮೊದಲು ಅದನ್ನು ತೀರಿಸಿ. ಆಮೇಲೆ ಆದಾಯದ ಶೇ. 1ರಿಂದ ಶುರುಮಾಡಿ, ಸಂಬಳದ ದಿನವೇ ಖಾತೆಯಿಂದ ತಾನಾಗಿ ಹೋಗುವಂತೆ ಮಾಡಿ. ತಿಂಗಳ ಕೊನೆಗೆ ಉಳಿದದ್ದು ಕೊಡೋಣ ಅಂದುಕೊಂಡರೆ ಏನೂ ಉಳಿಯದು. 2009ರಲ್ಲಿ ಶುರುವಾದ ಗಿವಿಂಗ್ ವಾಟ್ ವಿ ಕ್ಯಾನ್ ಸಂಸ್ಥೆಯ ಸದಸ್ಯರು ಶೇ. 10 ಕೊಡುವ ಪ್ರತಿಜ್ಞೆ ಮಾಡುತ್ತಾರೆ; ಎಲ್ಲರಿಗೂ ಅದು ಆಗಲಿಕ್ಕಿಲ್ಲ.

ಕಳ್ಳತನಕ್ಕಿಂತ ದೊಡ್ಡ ನಷ್ಟ ಪ್ರಾಮಾಣಿಕರ ತಪ್ಪು ಯೋಜನೆಯಿಂದ ಆಗಬಹುದು. ಆಫ್ರಿಕಾ ಖಂಡದ ದಕ್ಷಿಣ ಭಾಗದ ದೇಶಗಳಲ್ಲಿ ಪ್ಲೇಪಂಪ್ ಎಂಬುದನ್ನು ಹಾಕಿದರು: ಮಕ್ಕಳು ಆಡುತ್ತಾ ಚಕ್ರ ತಿರುಗಿಸಿದರೆ ನೀರು ಮೇಲಿನ ಟ್ಯಾಂಕಿಗೆ ಏರಬೇಕು. ಮಕ್ಕಳಿಗೆ ಬೇಗ ಸುಸ್ತು, ಬೇಸರ; ಕೊನೆಗೆ ಹೆಂಗಸರೇ ತಿರುಗಿಸಬೇಕಾಯಿತು. ಕೆಟ್ಟರೆ ರಿಪೇರಿಯೂ ಸುಲಭವಲ್ಲ. ಅದಕ್ಕಿಂತ ಬಹಳ ಅಗ್ಗದ ಕೈಪಂಪೇ ವಾಸಿಯಿತ್ತು. ಆದ್ದರಿಂದ ಆಡಳಿತ ವೆಚ್ಚ ಶೇಕಡಾ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಫಲಿತಾಂಶವನ್ನು ಹೊರಗಿನವರು ಅಳೆದಿದ್ದಾರೆಯೇ, ಇನ್ನಷ್ಟು ಹಣ ಬಂದರೆ ಬಳಸುವ ಶಕ್ತಿ ಇದೆಯೇ, ಎಡವಿದ್ದನ್ನು ವರದಿಯಲ್ಲಿ ಬರೆಯುತ್ತಾರೆಯೇ ಎಂದು ನೋಡಿ.

ಜಾಹೀರಾತಿನ ಲೆಕ್ಕವನ್ನೂ ನಂಬಬೇಡಿ. ಮಲೇರಿಯಾ ತಡೆಯುವ, ಕೀಟನಾಶಕ ಲೇಪಿಸಿದ ಒಂದು ಸೊಳ್ಳೆಪರದೆಗೆ ಕೆಲವೇ ಡಾಲರ್ ಸಾಕು. ಹಾಗೆಂದು ಅಷ್ಟಕ್ಕೇ ಒಂದು ಜೀವ ಉಳಿಯುವುದಿಲ್ಲ. ಪರದೆ ಇಲ್ಲದಿದ್ದರೂ ಹೆಚ್ಚಿನ ಮಕ್ಕಳು ಬದುಕುತ್ತಾರೆ; ಅದು ಸಾವಿನ ಸಂಭವವನ್ನು ತಗ್ಗಿಸುತ್ತದೆ, ಅಷ್ಟೇ. ಹೀಗೆಲ್ಲ ಕಳೆದು ಕೂಡಿಸಿ, ಒಂದು ಜೀವಕ್ಕೆ ಹಲವು ಸಾವಿರ ಡಾಲರ್ ಬೀಳುತ್ತದೆ ಎಂದು, ದಾನ ಸಂಸ್ಥೆಗಳ ಕೆಲಸವನ್ನು ಅಳೆದು ನೋಡುವ ಗಿವ್‌ವೆಲ್ ಸಂಸ್ಥೆ ಅಂದಾಜಿಸಿದೆ. ನಮಗಂತೂ ಈ ದೊಡ್ಡ ಅಂಕಿಯೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಪ್ರಶ್ನೆ: ಹಣದ ಬದಲು ಹಳೆ ಬಟ್ಟೆ, ಧಾನ್ಯ ಕಳಿಸಬಹುದೇ?

ಉತ್ತರ: ಬಟ್ಟೆ ಬೇಡ. ಸಾಗಣೆ, ವಿಂಗಡಣೆಗೆ ತಗಲುವ ಖರ್ಚೇ ಹೆಚ್ಚು. ಅಲ್ಲಿನ ದರ್ಜಿಗೂ ಏಟು. ಅಲ್ಲಿನ ಸಂತೆಯಲ್ಲಿ ಧಾನ್ಯ ಸಿಗುತ್ತಿದ್ದು ಜನರ ಕೈಯಲ್ಲಿ ಕಾಸಿಲ್ಲದಿದ್ದರೆ ಹಣವೇ ಸರಿ. ಹೊರಗಿನ ಧಾನ್ಯ ಬಂದು ಬಿದ್ದರೆ ಸುತ್ತಲಿನ ರೈತನ ಫಸಲಿನ ಬೆಲೆ ಕುಸಿಯುತ್ತದೆ. ಸಂತೆಯೇ ನಿಂತುಹೋಗಿದ್ದರೆ ಮಾತ್ರ ಧಾನ್ಯ, ಅದೂ ಆದಷ್ಟು ಹತ್ತಿರದ ಊರಲ್ಲಿ ಕೊಂಡದ್ದು.